ಶಾವಿಗೆ ಕೋಲು ಹಿಡಿದವಳು

ನಮ್ಮ ಓಣಿಯಲ್ಲಿ ಸೀರೆಯ ಕೆಳಗೆ ಬೂಟು ಹಾಕಿಕೊಂಡು ನಡೆಯುವ ಹೆಂಗಸು ನಾನೊಬ್ಬಳೇ. ಕುಷ್ಟಗಿಯ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕೊಂಡ ಬೂದು ಬೂಟು, ಬದಿಗೆ ತೆಳ್ಳನೆಯ ಗುಲಾಬಿ ಗೆರೆ. ಅವನ್ನು ಮೊದಲ ಸಲ ಹಾಕಿಕೊಂಡು ಹೊರಬಿದ್ದ ಬೆಳಗ್ಗೆ ಎದುರುಮನೆಯ ಅಕ್ಕ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ನನ್ನ ಪಾದ ಕಂಡು ಚೊಂಬು ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಏನ್ರೀ, ಪೊಲೀಸ್ ಸೆಲೆಕ್ಷನ್ ಐತೇನು?"

"ಹ್ಞೂಂರೀ ಅಕ್ಕಾರ. ಮದ್ಲ ನಿಮ್ಮ ಮನೀ ಕಳ್ಳರನ್ನ ಹಿಡೀತೇನಿ."

ಅವರು ನಕ್ಕರು, ನಾನೂ ನಕ್ಕೆ. ತಿರುವಿನಲ್ಲಿ ಮರೆಯಾದ ಮೇಲೆ ಗೋಡೆಗೆ ಕೈ ಹಚ್ಚಿ ನಿಂತೆ. ಹೆಗಲಿನಿಂದ ಮೊಣಕೈವರೆಗೆ, ಸೊಂಟದಿಂದ ಹಿಮ್ಮಡಿಯವರೆಗೆ, ಯಾರೋ ಒದ್ದೆ ಬಟ್ಟೆ ಹಿಂಡುವಂತೆ ನನ್ನ ಮೈಯನ್ನು ಹಿಂಡುತ್ತಿದ್ದರು. ಗೋಡೆಯ ಸುಣ್ಣ ಅಂಗೈಗೆ ಹತ್ತಿತು. ಅದನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಲೈಟಿನ ಕಂಬದವರೆಗೆ ನಡೆದೆ.

ಈ ನೋವಿಗೆ ಒಂದು ಹೆಸರು ಸಿಕ್ಕಿದ್ದು ಕೊಪ್ಪಳದಲ್ಲಿ. ಅದಕ್ಕೂ ಮೊದಲು ಎಕ್ಸರೇ, ರಕ್ತ, ಮೂತ್ರ, ಎಲ್ಲ ಪರೀಕ್ಷೆಯೂ ಆಗಿ, ಎಲ್ಲದರಲ್ಲೂ ನಾನು ಪಾಸಾಗಿದ್ದೆ. ಕೊನೆಗೆ ಒಬ್ಬ ಡಾಕ್ಟರಮ್ಮ ನನ್ನ ಕತ್ತು, ಹೆಗಲು, ಮೊಣಕಾಲುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಚೀಟಿಯ ಮೇಲೆ ಒಂದು ಉದ್ದ ಶಬ್ದ ಬರೆದರು. ಫೈಬ್ರೊಮಯಾಲ್ಜಿಯಾ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಶಬ್ದವನ್ನು ತುಂಡು ತುಂಡು ಮಾಡಿ ಓದಿದೆ. ಓದಲು ಬಂತು. ಮನೆಗೆ ಹೋಗಿ ಹೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

"ಖಾರ ತಿಂದ ನಾಲಿಗೆಗೆ ಉಗುರುಬೆಚ್ಚಗಿನ ಚಹಾನೂ ಸುಡ್ತದಲ್ರಿ, ಹಂಗ," ಎಂದರು ಡಾಕ್ಟರಮ್ಮ. "ಚಹಾದ ತಪ್ಪಲ್ಲ. ನಾಲಿಗೀನೂ ಕೆಟ್ಟಿಲ್ಲ. ನಿಮ್ಮ ನರಗಳು ಸಣ್ಣದನ್ನೂ ದೊಡ್ಡದು ಮಾಡಿ ಹೇಳ್ತಾವ. ಅದಕ್ಕ ಅಂತ ಹಾಸಿಗಿ ಹಿಡೀಬ್ಯಾಡ್ರಿ. ದಿನಾ ನಡೀರಿ. ಮೈ ಹಗುರ ಇದ್ದ ದಿನ ಅತಿ ಮಾಡಬ್ಯಾಡ್ರಿ, ಭಾರ ಇದ್ದ ದಿನ ಪೂರಾ ಬಿಡಬ್ಯಾಡ್ರಿ. ಒಂದ ಕಡೆ, ಒಂದ ನಮೂನಿ ಭಾಳ ಹೊತ್ತು ಇರಬ್ಯಾಡ್ರಿ."

ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಂಜೆ ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜುತ್ತ ಎಲ್ಲ ಕೇಳಿಸಿಕೊಂಡರು.

"ನಡದ್ರೂ ಬ್ಯಾನಿ, ಕುಂತ್ರೂ ಬ್ಯಾನಿ, ಮಲಗಿದ್ರೂ ಬ್ಯಾನಿ. ಅಲ್ಲ, ನಿನ್ನ ಗಾಡಿ ಯಾವ ಗೇರಿನ್ಯಾಗ ಓಡತೈತಿ ಹೇಳು."

"ಎಲ್ಲಾ ಗೇರಿನ್ಯಾಗೂ ಓಡತೈತ್ರಿ. ಒಂದರಾಗ ಭಾಳ ಹೊತ್ತು ಇರಬಾರದಷ್ಟ."

ಅವರಿಗೆ ಅರ್ಥವಾಯಿತೋ ಇಲ್ಲವೋ, ಮಾರನೇ ದಿನ ಬೂಟು ತರಲು ತಾವೇ ಕರೆದುಕೊಂಡು ಹೋದರು. ಕಷ್ಟವಾದದ್ದು ಅತ್ತೆಗೆ ತಿಳಿಸುವುದು.

ನಮ್ಮ ಅತ್ತೆ ಯಲಬುರ್ಗಾ ಕಡೆಯ ಹಳ್ಳಿಯವರು. ಚಿಕ್ಕಂದಿನಿಂದ ಕೂಲಿ, ಮದುವೆಯಾದ ಮೇಲೆ ಹೊಲ, ಹೊಲ ಬಿಟ್ಟು ಊರಿಗೆ ಬಂದ ಮೇಲೆ ಮನೆ. ಬಗ್ಗಿ ಶೇಂಗಾ ಕಿತ್ತ ಬೆನ್ನು ಅವರದು. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಥರ. ಜಡ್ಡಾದವರು ಮಲಗುತ್ತಾರೆ, ಗಟ್ಟಿ ಇದ್ದವರು ದುಡಿಯುತ್ತಾರೆ. ಓಣಿಯ ಲೆಕ್ಕವೂ ಅದೇ. ನಡೆಯಾಕ ಬರತೈತಿ ಅಂದ್ರ ಬ್ಯಾನಿ ಎಲ್ಲೈತಿ, ಬ್ಯಾನಿ ಐತಿ ಅಂದ್ರ ಮುಂಜಾನೆದ್ದು ನಡೆಯೂದು ಯಾಕ? ಈ ಎರಡು ಪ್ರಶ್ನೆಗಳನ್ನು ಯಾರೂ ಕೊಂಕಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು.

ಅತ್ತೆ ಮಾತ್ರ ನನ್ನ ನೋವನ್ನು ಒಂದು ದಿನವೂ ಸುಳ್ಳು ಅನ್ನಲಿಲ್ಲ. ಬದಲಿಗೆ ನನ್ನ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡರು. ಕಸಬರಿಗೆ, ಕೊಡ, ರೊಟ್ಟಿಯ ಹಂಚು. ಎಲ್ಲ ಕಿತ್ತುಕೊಂಡು ನನ್ನ ಮುಂದೆ ಬಳ್ಳೊಳ್ಳಿಯ ಬುಟ್ಟಿ ಇಟ್ಟು, "ಕುಂತ ಕೆಲಸ ಮಾಡು, ಸಾಕು" ಅನ್ನುತ್ತಿದ್ದರು. ಸುಲಿದು ಮುಗಿದರೆ ಸೋಸಲು ಮೆಂತ್ಯಪಲ್ಲೆ ಬರುತ್ತಿತ್ತು. ಬೇಸರಪಡಲು ಮನಸ್ಸು ಬರುತ್ತಿರಲಿಲ್ಲ. ಕೂರುವುದು ಅವರಿಗೆ ಆಯುಷ್ಯದಲ್ಲಿ ಸಿಗದೇ ಹೋದದ್ದು. ತಮಗೆ ಸಿಗದ್ದನ್ನು ನನಗೆ ಕೊಡುತ್ತಿದ್ದರು. ಆದರೆ ಬಳ್ಳೊಳ್ಳಿ ಸುಲಿದು ಏಳುವಾಗ ನನ್ನ ಸೊಂಟ ಬಾಗಿಲ ಚಿಲಕದ ಹಾಗೆ ಹಿಡಿದುಕೊಂಡಿರುತ್ತಿತ್ತು.

ಹೋದ ವರ್ಷದ ಶಾವಿಗೆಯ ದಿನ ಆದದ್ದೂ ಇದೇ.

ನಮ್ಮ ಓಣಿಯಲ್ಲಿ ಯುಗಾದಿ ಮುಗಿದ ಮೇಲೆ ದಿನಕ್ಕೊಂದು ಮನೆಯಂತೆ ಶಾವಿಗೆ ಮಾಡುತ್ತಾರೆ. ಪೇಟೆಯಲ್ಲಿ ಕರೆಂಟಿನ ಮಷೀನು ಬಂದಿದೆ, ಹಿಟ್ಟು ಕೊಟ್ಟರೆ ಮಧ್ಯಾಹ್ನದೊಳಗೆ ಮಾಡಿ ಕೊಡುತ್ತಾರೆ. ಆದರೆ ಆ ಶಾವಿಗೆ ಹಾಲಿನಲ್ಲಿ ಮುರಿಯುತ್ತದೆ ಎಂದು ಓಣಿಯ ಹೆಂಗಸರ ತೀರ್ಮಾನ. ಹಿಂದಿನ ಸಂಜೆ ಮನೆಯ ಯಜಮಾನಿ ಬಾಗಿಲಿಗೆ ಬಂದು, "ನಾಳೆ ನಮ್ಮನ್ಯಾಗ ಶಾವಿಗಿ" ಎಂದು ಹೇಳಿ ಹೋಗುತ್ತಾರೆ. ಅಷ್ಟೇ. ಅವರು ನಮ್ಮ ಮನೆಗೆ ಬಂದಿದ್ದರೆ ನಾವು ಅವರ ಮನೆಗೆ ಹೋಗಬೇಕು. ಕೂಲಿ ಇಲ್ಲ, ಚಹಾ ಇದೆ, ಮಧ್ಯಾಹ್ನಕ್ಕೆ ಮಂಡಕ್ಕಿ ಮಿರ್ಚಿ ಇದೆ, ವರ್ಷದ ಮಾತೆಲ್ಲ ಇದೆ.

ಎಲ್ಲರಿಗೂ ಸೇರಿದ ಕಬ್ಬಿಣದ ಮಷೀನು ಒಂದಿದೆ. ಅದನ್ನು ಉದ್ದನೆಯ ಮಣೆಯ ಒಂದು ತುದಿಗೆ ತಿರುಪು ಹಾಕಿ ಕೂಡಿಸಿದ್ದಾರೆ. ಒಬ್ಬರು ಮೇಲಿನಿಂದ ಹಿಟ್ಟು ತುಂಬುತ್ತಾರೆ, ಒಬ್ಬರು ಹಿಡಿಕೆ ತಿರುವುತ್ತಾರೆ. ಕೆಳಗೆ ಇಳಿಯುವ ಎಳೆಗಳನ್ನು ಒಬ್ಬರು ಕೋಲಿನ ಮೇಲೆ ತೆಗೆದುಕೊಂಡು ಹೋಗಿ ಒಣಹಾಕುತ್ತಾರೆ. ಈ ಕೊನೆಯದು ಹುಡುಗಿಯರ ಓಡಾಟದ ಕೆಲಸ. ಹಿಟ್ಟು ಗಟ್ಟಿ ಇದ್ದರೆ ತಿರುವುವಾಗ ಮಣೆ ಮೇಲೇಳುತ್ತದೆ. ಅದಕ್ಕೇ ಇನ್ನೊಂದು ತುದಿಯಲ್ಲಿ ಒಬ್ಬರು ಸುಮ್ಮನೆ ಕೂರಬೇಕು. ಅದಕ್ಕೆ 'ಭಾರಕ್ಕ ಕುಂದ್ರೂದು' ಅನ್ನುತ್ತಾರೆ. ಆ ಜಾಗ ವಯಸ್ಸಾದವರಿಗೆ, ಇಲ್ಲವೇ ತವರಿಗೆ ಬಂದ ಮಗಳಿಗೆ. ಗೌರವದ ಜಾಗ.

ಹೋದ ವರ್ಷ ನಮ್ಮ ಮನೆಯ ಸರದಿಯ ದಿನ ಅತ್ತೆ ಎಲ್ಲರ ಮುಂದೆ ನನ್ನನ್ನು ಅಲ್ಲಿ ಕೂರಿಸಿದರು.

"ನೀ ಏನೂ ಮಾಡಬ್ಯಾಡವಾ. ಬರೇ ಕುಂದ್ರು."

"ಎಂಥಾ ಅತ್ತೀನ ಪಡದೀರಿ!" ಎಂದರು ಹೆಂಗಸರು. ಒಬ್ಬಾಕೆ, "ನಮ್ಮತ್ತಿ ನನ್ನ ಹೆರಿಗಿ ಮುಂಚಿನ ದಿನಾನೂ ಹಿಟ್ಟು ಕುಟ್ಟಿಸ್ಯಾಳ" ಎಂದಳು. ಅತ್ತೆಯ ಮುಖ ಅರಳಿತು. ಅವರೇ ಹಿಡಿಕೆ ತಿರುವಿದರು. ಒಂದೊಂದು ಸುತ್ತಿಗೂ ಮಣೆ ಕೆಳಗಿನಿಂದ ಒಂದು ಏಟು ಕೊಡುತ್ತಿತ್ತು. ಸಣ್ಣ ಏಟು, ಬೇರೆಯವರಿಗೆ ಲೆಕ್ಕಕ್ಕೂ ಬಾರದ್ದು. ಅದು ನನ್ನ ಬೆನ್ನು ಹತ್ತಿ ಕತ್ತಿನಲ್ಲಿ ಕೂರುತ್ತಿತ್ತು. ಏಳಬೇಕು ಅನ್ನಿಸಿತು. ಅಷ್ಟು ಹೊಗಳಿಕೆಯ ನಡುವೆ ಹೇಗೆ ಏಳುವುದು? ಸಂಜೆಯವರೆಗೂ ಕೂತೆ.

ಮರುದಿನ ಬಾಚಣಿಕೆ ಎತ್ತಲು ಕೈ ಬರಲಿಲ್ಲ. ಬಳೆಗಳೇ ಭಾರವೆನಿಸಿ ಬಿಚ್ಚಿಟ್ಟೆ. ಅತ್ತೆ ನನ್ನ ತಲೆ ಬಾಚಿ ಜಡೆ ಹಾಕಿದರು, ಸಣ್ಣ ಹುಡುಗಿಗೆ ಹಾಕುವ ಹಾಗೆ ತೀರಾ ಬಿಗಿಯಾಗಿ. ನಾನು ಮತ್ತೆ ಬೂಟು ಹಾಕಿಕೊಳ್ಳುವ ಹೊತ್ತಿಗೆ ಮಳೆ ಶುರುವಾಗಿತ್ತು.

ಅಷ್ಟರಲ್ಲಿ ಓಣಿ ತನ್ನ ಲೆಕ್ಕ ಮುಗಿಸಿತ್ತು. "ಬರೇ ಕುಂತಿದ್ದಕ್ಕ ಹಿಂಗಾತು. ಇನ್ನ ಕೆಲಸ ಮಾಡಿದ್ರ ಏನಾದೀತು?" ಅಲ್ಲಿಂದ ನನ್ನನ್ನು ಕರೆಯುವುದು ನಿಂತಿತು. ಮದುವೆ ಮನೆಗೆ ರೊಟ್ಟಿ ಬಡಿಯಲು, ಬಸುರಿಯ ಕುಬುಸದ ಮನೆಗೆ ಹೋಳಿಗೆ ಲಟ್ಟಿಸಲು, ಎಲ್ಲದಕ್ಕೂ ಅತ್ತೆಗೆ ಮಾತ್ರ ಕರೆ. ನನ್ನ ಪಾಲಿಗೆ 'ಪಾಪ' ಎನ್ನುವ ಒಂದು ಶಬ್ದ. ಅಟ್ಟದ ಮೇಲಿನ ತಾಮ್ರದ ಹಂಡೆಯಂತಾದೆ. ಯಾರೂ ಬಿಸಾಡುವುದಿಲ್ಲ, ಹಬ್ಬಕ್ಕೆ ತಿಕ್ಕಿಡುತ್ತಾರೆ, ನೀರು ಕಾಯಿಸುವುದಿಲ್ಲ. ನೋವಿನ ಜೊತೆ ಹೇಗೋ ಇರಬಹುದು ಎಂದು ಕಲಿಯುತ್ತಿದ್ದೆ. ಹೆಂಗಸರ ನಡುವೆ ಜಾಗವಿಲ್ಲದೆ ಈ ಓಣಿಯಲ್ಲಿ ಹೇಗಿರುವುದು?

ನಡೆಯುವುದನ್ನು ಬಿಡಲಿಲ್ಲ. ಮೊದಲು ಒಂದು ಲೈಟಿನ ಕಂಬದವರೆಗೆ, ಕೆಲವು ವಾರ ಕಳೆದು ಮುಂದಿನ ಕಂಬದವರೆಗೆ. ಊರ ಹೊರಗೆ ಇನ್ನೂ ಮನೆ ಏಳದ ಪ್ಲಾಟುಗಳಿವೆ, ಅಲ್ಲಿಯ ರಸ್ತೆ ಸಮತಟ್ಟು. ಬದಿಯ ಜಾಲಿಯಲ್ಲಿ ಗೀಜಗದ ಗೂಡುಗಳಿದ್ದವು. ಒಂದು ಗೂಡು ಅರ್ಧಕ್ಕೇ ಬಿಟ್ಟುಹೋದದ್ದು, ಟೋಪಿಯಂತೆ ತೂಗುತ್ತಿತ್ತು. ನಾನು ಹೊಸ ಕಂಬ ತಲುಪಿದಾಗಲೆಲ್ಲ ಅದನ್ನು ನೋಡಿ ಬರುತ್ತಿದ್ದೆ. ಮನೆಯಲ್ಲಿ ಹಿತ್ತಲ ಬಾಗಿಲು ಎಳೆದುಕೊಂಡು ಕೈಕಾಲು ಆಡಿಸುತ್ತಿದ್ದೆ. ಅದಕ್ಕೆ ಗುರು ಗಂಗಾವತಿಯ ಕಾನ್ವೆಂಟಿನ ಡ್ರಿಲ್ ಸಿಸ್ಟರ್. ಶನಿವಾರ ಬೆಳಗ್ಗೆ ನಾವು ಸುಣ್ಣದ ಕಡ್ಡಿ ಉಜ್ಜಿ ಬಿಳಿ ಮಾಡಿದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸಾಲಾಗಿ ನಿಲ್ಲುತ್ತಿದ್ದೆವು. ಪಕ್ಕದ ರೈಸ್‌ಮಿಲ್ಲಿನ ತೌಡು ಗಾಳಿಯಲ್ಲಿ ಹಾರಿ ರಿಬ್ಬನ್ನಿನ ಮೇಲೆ ಕೂರುತ್ತಿತ್ತು. ಸಿಸ್ಟರ್ ಮಂಗಳೂರು ಕಡೆಯವರು. ಸೀಟಿ ಬಾಯಿಂದ ತೆಗೆದು, "ಮೆಲ್ಲ ಮಾಡಿ ಆಯ್ತಾ, ನಿಲ್ಲಿಸ್ಬೇಡಿ" ಅನ್ನುತ್ತಿದ್ದರು. ಆ 'ಆಯ್ತಾ' ಹಿಡಿದು ನಾವು ಅಣಕಿಸುತ್ತಿದ್ದೆವು. ಈಗ ಹಿತ್ತಲಲ್ಲಿ ಕೈ ಮೇಲೆತ್ತುವಾಗ ನನಗೆ ನಾನೇ ಅದನ್ನು ಹೇಳಿಕೊಳ್ಳುತ್ತೇನೆ, ಆಯ್ತಾ ಸಮೇತ.

ಈ ಬೇಸಿಗೆಯ ಒಂದು ಸಂಜೆ ಎದುರುಮನೆಯ ಅಕ್ಕ ನಮ್ಮ ಬಾಗಿಲಿಗೆ ಬಂದರು. ಅವರ ಮಗಳನ್ನು ಗಿಣಿಗೇರಾಕ್ಕೆ ಕೊಟ್ಟಿದ್ದಾರೆ. ಅಳಿಯ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಮಗಳು ಬಸುರಿ, ಕುಬುಸಕ್ಕೆ ತವರಿನ ಶಾವಿಗೆ ಹೋಗಬೇಕು.

"ನಾಳೆ ನಮ್ಮನ್ಯಾಗ ಶಾವಿಗಿ ಐತ್ರಿ ಅತ್ತೀ," ಎಂದರು ಅತ್ತೆಗೆ. ಅವರ ಕಣ್ಣು ನನ್ನ ಕಡೆ ಬಂತು, ಅಲ್ಲಿಂದ ಬಾಗಿಲ ಮೂಲೆಯ ಬೂಟಿನ ಕಡೆ ಹೋಯಿತು. "ನೀವು ಆರಾಮ ಮನ್ಯಾಗ ಇರ್ರಿ ತಂಗಿ. ಕುಬಸಕ್ಕ ಉಣ್ಣಾಕ ಬಂದ್ರ ಸಾಕು."

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ, "ನಾಳೆ ನಾನೂ ಬರ್ತೇನ್ರಿ."

"ಹೋದ ವರ್ಷದ್ದು ಮರತಿಯೇನ ಬೇ? ಬರೇ ಕುಂತಿದ್ದಕ್ಕ ಹಾಸಿಗಿ ಹಿಡದಿದ್ದಿ."

"ಕುಂತಿದ್ದಕ್ಕ ಹಿಡದಿದ್ದೆರಿ."

"ಕುಂತ್ರ ಯಾರಿಗರ ಏನರ ಆಕ್ಕತೇನ?"

"ನನಗ ಆಕ್ಕತ್ರಿ. ನಾಳೆ ನಾ ಕೋಲು ಹಿಡೀತೇನಿ."

ಅತ್ತೆ ಒಲೆಯ ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದರು. "ಕೋಲೇನು? ಅದು ಲಂಗದ ಹುಡಿಗ್ಯಾರ ಕೆಲಸ. ಮಂದಿ ಏನಂದಾರು? ಜಡ್ಡಾದ ಸೊಸೀನ ಬಿಸಿಲಾಗ ಓಡಾಡಸ್ತಾಳ ಅಂತ ನನ್ನ ಮಾರಿ ಮ್ಯಾಲ ಉಗುಳ್ತಾರ."

ಮಾರನೇ ಬೆಳಗ್ಗೆ ಅವರ ಹಿಂದೆಯೇ ರಸ್ತೆ ದಾಟಿದೆ, ಬೂಟು ಹಾಕಿಕೊಂಡೇ.

ಹಿತ್ತಲಲ್ಲಿ ಎಲ್ಲ ಸಜ್ಜಾಗಿತ್ತು. ನಾದಿದ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಮಲಗಿತ್ತು. ನನ್ನನ್ನು ಕಂಡು ಅಕ್ಕ ಅರೆಗಳಿಗೆ ತಬ್ಬಿಬ್ಬಾಗಿ, ಕೂಡಲೇ ಮಣೆಯ ತುದಿ ಒರೆಸಿದರು. "ಬರ್ರಿ ಬರ್ರಿ, ಇಲ್ಲೆ ಕುಂದರ್ರಿ."

"ಅದು ಬ್ಯಾಡ್ರಿ ಅಕ್ಕಾರ. ಕೋಲು ಕೊಡ್ರಿ."

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದರು, ಬಿಚ್ಚಿದರು, ಮತ್ತೆ ಸಿಗಿಸಿದರು. ನನ್ನ ಕೈ ಮಾತ್ರ ಚಾಚಿಕೊಂಡೇ ಇತ್ತು. ಕೋಲು ಹಿಡಿಯಬೇಕಿದ್ದ ಹುಡುಗಿ ಮೊಬೈಲಿನಿಂದ ತಲೆ ಎತ್ತಿ, ಖುಷಿಯಿಂದಲೇ ಕೊಟ್ಟುಬಿಟ್ಟಳು.

ಭಾರಕ್ಕೆ ಯಾರಾದರೂ ಬೇಕಲ್ಲ. ಅತ್ತೆ ಮುಖ ಬಿಗಿದುಕೊಂಡು ಧೊಪ್ಪನೆ ತಾವೇ ಮಣೆಯ ಮೇಲೆ ಕೂತರು. ಹಿಡಿಕೆ ಹಿಡಿದಿದ್ದ ಪಕ್ಕದ ಮನೆಯ ಗಟ್ಟಿಗಿತ್ತಿ ಬಿಡುವಳೇ?

"ಅತ್ತಿ ಕುಂತ್ಲು, ಸೊಸಿ ದುಡಿಯಾಕ ನಿಂತ್ಲು. ಈಗ ನೋಡ್ರಿ ಮನಿ ಮನ್ಯಾಂಗ ಕಾಣತೈತಿ!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಶಾವಿಗೆಯ ಎಳೆ ಮಷೀನಿನಿಂದ ಇಳಿಯುವಾಗ ಇನ್ನೂ ಹಸಿ, ಮುಟ್ಟಿದರೆ ತಣ್ಣಗೆ, ಹಸಿ ಗೋಧಿಯ ವಾಸನೆ. ಕೋಲನ್ನು ಅಡ್ಡ ಹಿಡಿದು ಎಳೆಗಳನ್ನು ಅದರ ಮೇಲೆ ಇಳಿಬಿಟ್ಟುಕೊಂಡು ನಡೆಯಬೇಕು. ಅವಸರ ಮಾಡಿದರೆ ಎಳೆ ತೂಗಾಡಿ ಒಂದಕ್ಕೊಂದು ಅಂಟುತ್ತದೆ. ದಾರಿಯಲ್ಲಿ ನಿಂತು ಮಾತಿಗಿಳಿದರೆ ತನ್ನ ಭಾರಕ್ಕೇ ಎಳೆದುಕೊಂಡು ತುಂಡಾಗುತ್ತದೆ. ಹುಡುಗಿಯಾಗಿದ್ದಾಗ ಈ ಕೆಲಸ ಮಾಡಿದ್ದೆ, ಇದನ್ನು ಗಮನಿಸಿರಲಿಲ್ಲ. ಈಗ ನನ್ನ ಕಾಲಿಗೆ ಬರುತ್ತಿದ್ದ ನಡಿಗೆ ಅದೊಂದೇ.

ಒಣಹಾಕುವ ಹಗ್ಗ ಎತ್ತರದಲ್ಲಿತ್ತು. ಎರಡು ಕೋಲು ಹಾಕುವಷ್ಟರಲ್ಲಿ ಹೆಗಲಿನಲ್ಲಿ ಮೆಣಸಿನಪುಡಿ ಸುರಿದಂತಾಯಿತು. ಅಕ್ಕನನ್ನು ಕೇಳಿ ಎರಡು ಹೊರಸುಗಳನ್ನು, ಹಗ್ಗದ ಮಂಚಗಳನ್ನು, ಪಕ್ಕಕ್ಕೆ ಹೊರಳಿಸಿ ಎದುರುಬದುರು ನಿಲ್ಲಿಸಿದೆವು. ಅವುಗಳ ಮೇಲೆ ಸೊಂಟದ ಎತ್ತರದಲ್ಲಿ ಕೋಲುಗಳನ್ನು ಸಾಲಾಗಿ ಇಟ್ಟೆ. ಇದು ನನ್ನ ಮೈಗೆ ಆಗಿಬಂತು. ಹೋಗುವುದು, ಇಡುವುದು, ಬರಿಗೈಯಲ್ಲಿ ತಿರುಗಿ ಬರುವುದು. ಬರುವಾಗ ಹೆಗಲನ್ನು ಒಂದು ಸುತ್ತು ತಿರುವುತ್ತಿದ್ದೆ. ಪಾದ ಉರಿಯತೊಡಗಿದಾಗ ಕೋಲನ್ನು ಹುಡುಗಿಗೆ ಕೊಟ್ಟು ಮೆಟ್ಟಿಲ ಮೇಲೆ ಕೂತೆ.

"ಕುಂದರ್ರಿ ಅಂದ್ರ ಒಲ್ಲೆ ಅಂದ್ರಿ, ಈಗ ಕುಂತೀರಿ!" ಎಂದಳು ಹಿಡಿಕೆಯವಳು.

"ಎದ್ದೂ ಏಳ್ತೇನ್ರಿ, ನೋಡ್ತಿರ್ರಿ."

ಎದ್ದೆ. ಮತ್ತೆ ಕೂತೆ, ಮತ್ತೆ ಎದ್ದೆ. ಎರಡು ಮೂರು ಸಲ ಹೀಗಾದ ಮೇಲೆ ಅವಳಿಗೆ ಹೇಳುವುದು ಬೇಸರವಾಗಿ ಬೇರೆ ಸುದ್ದಿಗೆ ಹೋದಳು. ಅದೇ ನನಗೆ ಬೇಕಿತ್ತು. ನನ್ನ ಕೂರುವುದು ಏಳುವುದು ಸುದ್ದಿಯಾಗದೆ ಇರುವುದು.

ಹಿಟ್ಟಿನ ಎರಡನೇ ಉಂಡೆ ಗಟ್ಟಿಯಾಗಿತ್ತು. ಹಿಡಿಕೆಯವಳು ಮೈಭಾರವೆಲ್ಲ ಹಾಕಿ ತಿರುವುತ್ತಿದ್ದಳು. ಇದ್ದಕ್ಕಿದ್ದಂತೆ ಮಷೀನು ನಿಂತಿತು. ತಿರುಗಿ ನೋಡಿದರೆ ಅತ್ತೆ ಮಣೆಯಿಂದ ಇಳಿದು, ಸೊಂಟಕ್ಕೆ ಕೈ ಕೊಟ್ಟು ವಾರೆಯಾಗಿ ನಿಂತಿದ್ದರು.

"ಏನಬೇ, ಈ ಮಣಿ ಹಿಂಗ ಕುಣೀತೈತಿ?"

"ಅದು ಯಾವಾಗ್ಲೂ ಕುಣೀತೈತ್ರಿ," ಎಂದಳು ಹಿಡಿಕೆಯವಳು. "ನೀವು ಯಾವಾಗ ಕುಂತೀರಿ ಇದರ ಮ್ಯಾಲ? ಜೀವಮಾನ ಹಿಡಿಕಿ ತಿರುವಿದಾಕಿ."

ನಿಜ. ಅತ್ತೆ ಯಾವ ಮನೆಯ ಶಾವಿಗೆಯಲ್ಲೂ ಭಾರಕ್ಕೆ ಕೂತವರಲ್ಲ. ಅವರು ಮಣೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಹೊರಸಿನ ಮೇಲೆ ಕೋಲು ಇಡುತ್ತಿದ್ದೆ.

"ಹೋದ ವರ್ಷ ಮುಂಜಾನಿಂದ ಸಂಜಿತನಕ ಈಕಿ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಮರುಕ್ಷಣ ಧ್ವನಿ ಏರಿತು. "ಅಲ್ಲ, ನಿನಗೇನು ಬಾಯಿ ಇದ್ದಿದ್ದಿಲ್ಲೇನು? ಹೇಳಾಕ ಏನಾಗಿತ್ತು?"

"ಎಲ್ಲಾರೂ ನಿಮ್ಮನ್ನ ಹೊಗಳಾಕ ಹತ್ತಿದ್ರಲ್ರಿ ಅತ್ತೀ. ನಡುವ ಹೆಂಗ ಏಳ್ಲಿ?"

ಹಿತ್ತಲು ತುಂಬ ನಗು. ಈ ಸಲ ಅತ್ತೆಯ ತುಟಿಯೂ ಒಂದು ಕಡೆ ಅಲುಗಿತು. ಅಕ್ಕನಿಂದ ಹಳೇ ಕೌದಿಯೊಂದನ್ನು ಇಸಿದುಕೊಂಡು, ಮಡಚಿ ಮಣೆಯ ಮೇಲೆ ಹಾಸಿದರು. "ಇನ್ನ ಮ್ಯಾಲ ಒಬ್ಬರಾದ ಮ್ಯಾಲ ಒಬ್ಬರು ಕುಂದ್ರೂದು. ಒಬ್ಬಾಕೀನ ಸಾಯಿಸೂದು ಬ್ಯಾಡ" ಎಂದರು, ಮನೆ ತಮ್ಮದೇ ಎನ್ನುವ ಹಾಗೆ.

ಮರುದಿನ ಬೆಳಗ್ಗೆ ಎಚ್ಚರವಾದಾಗ ಏಳದೆ, ಮೈ ಏನು ಹೇಳುತ್ತದೆ ಎಂದು ಕಾದೆ. ನೋವಿತ್ತು. ಮೀನಖಂಡ, ಅಂಗೈ, ಹೆಗಲು. ಎಲ್ಲ ಪರಿಚಯದ ಜಾಗಗಳಲ್ಲಿ, ಎಂದಿಗಿಂತ ಒಂದಿಷ್ಟು ಜೋರಾಗಿ. ಬಿಸಿನೀರು ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತು ಬಾಚಣಿಕೆ ಎತ್ತಿದೆ. ಕನ್ನಡಿಯಲ್ಲಿ ನನ್ನ ಹಿಂದೆ, ಬಾಗಿಲಲ್ಲಿ ಅತ್ತೆ ಕಂಡರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಕೈ ಏಳತೈತೇನು?"

"ಏಳತೈತ್ರಿ."

"ಹ್ಞೂಂ" ಎಂದು ಒಳಗೆ ಹೋದರು. ಆ ದಿನ ಅರ್ಧ ದಾರಿ ನಡೆದು ತಿರುಗಿದೆ. ಗೂಡಿನ ತನಕ ಹೋಗುವ ಆಸೆಯಿತ್ತು, ಹೋಗಲಿಲ್ಲ. ಹಾಗೆ ತಿರುಗುವುದನ್ನು ಕಲಿಯಲು ನನಗೆ ನಡೆಯುವುದಕ್ಕಿಂತ ಹೆಚ್ಚು ಕಾಲ ಹಿಡಿದಿದೆ.

ಅದೇ ವಾರ ಓಣಿಯ ಕೊನೆಯ ಮನೆಯಾಕೆ ಬಂದರು. ಮೊನ್ನೆ ಅಕ್ಕನ ಮನೆಯ ಹಿತ್ತಲಲ್ಲಿ ಅವರು ಇರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು, ನಾನು ಒಳಗೆ ಬೂಟಿನ ಲೇಸು ಬಿಚ್ಚುತ್ತಿದ್ದೆ.

"ನಾಳೆ ನಮ್ಮನ್ಯಾಗ ಶಾವಿಗಿ ಐತ್ರಿ. ಸೊಸೀನೂ ಬರ್ತಾಳಂತಲ್ಲ ಈಗ, ಕರಕೊಂಡ ಬರ್ರಿ. ಆಕಿಗೆ ನೆರಳಾಗ ಒಂದು ಖುರ್ಚಿ ಹಾಕ್ಸಿರ್ತೇನಿ."

"ಬರ್ತಾಳ," ಎಂದರು ಅತ್ತೆ. "ಖುರ್ಚಿ ಗಿರ್ಚಿ ಏನೂ ಬ್ಯಾಡ. ಆಕೀನ್ನ ಕುಂದ್ರಸಬ್ಯಾಡ್ರಿ. ಕೋಲು ಕೊಡ್ರಿ, ಓಡಾಡ್ಲಿ."

"ಅಯ್ಯ ಶಿವನ! ಜಡ್ಡಿನ ಸೊಸೀನ ಕುಂದ್ರಸಬ್ಯಾಡ ಅಂತೀರಲ್ರಿ! ಎಂಥಾ ಅತ್ತೀನ್ರಿ ನೀವು?"

ನಾನು ಲೇಸು ಹಿಡಿದು ಕಾದೆ. ಮಂದಿ ಏನಂದಾರು ಎಂದು ಇಡೀ ಜನ್ಮ ಅಂಜಿದವರು ಈಗ ಬಿಡಿಸಿ ಹೇಳುತ್ತಾರೆ ಅಂದುಕೊಂಡೆ. ಮಣೆಯ ಸಂಗತಿ, ಡಾಕ್ಟರ ಮಾತು, ಏನಾದರೂ.

"ಹಿಂಥಾಕೀನ ನಾನು," ಎಂದರು ಅತ್ತೆ. ಬಳ್ಳೊಳ್ಳಿಯ ಬುಟ್ಟಿಯನ್ನು ತಮ್ಮ ಮುಂದಕ್ಕೇ ಎಳೆದುಕೊಂಡು ಸುಲಿಯತೊಡಗಿದರು.